ಮುದಕಪ್ಪ ನೆಟ್ ಉಳಿಸಿದ್ದು

ನೀವು ಹೂಂಗುಡುತ್ತಿರಬೇಕು, ನಾನು ಹೇಳುತ್ತಿರಬೇಕು. ನಿಮ್ಮ ಹೂಂ ನಿಂತರೆ ನನ್ನ ಬಾಯಿಯೂ ನಿಂತಿತು ಅಂತ ತಿಳಿಯಿರಿ.

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ತುಳಸವ್ವ ಅಂತ ಒಬ್ಬಳಿದ್ದಳು. ಕುಣಿ ಮಗ್ಗದಲ್ಲಿ ಕೂತು ರವಿಕೆಯ ಖಣ ನೇಯುವವಳು. ಗಂಡ ತೀರಿಹೋಗಿ ಬಹಳ ವರ್ಷ ಆಗಿತ್ತು. ಮಕ್ಕಳಿಬ್ಬರು, ದೊಡ್ಡವಳು ಕಾಶವ್ವ, ಸಣ್ಣವನು ಮುದಕಪ್ಪ. ಮುದಕಪ್ಪ ಅನ್ನುವುದು ಅವನ ಅಜ್ಜನ ಹೆಸರು. ಹೆಸರೇನೋ ಇಳಿದು ಬಂತು, ಅಜ್ಜನ ಬುದ್ಧಿ ದಾರಿಯಲ್ಲೆಲ್ಲೋ ಉಳಿದುಕೊಂಡಿತು.

ಹುಡುಗ ಕೆಟ್ಟವನಲ್ಲ. ತಾಯಿ ಹೇಳಿದ ಮಾತು ಒಂದನ್ನೂ ಮೀರುವವನಲ್ಲ. ತುಳಸವ್ವನ ತಲೆನೋವೇ ಅದು. ಒಮ್ಮೆ ಅಂಗಳದಲ್ಲಿ ಜೋಳ ಹರವಿ, "ಬಾಗಲಾ ನೋಡ್ಕೋತ ಕೂಡು, ಆಡು ಬರ್ತಾವ" ಅಂದಿದ್ದಳು. ಅವನು ಬಾಗಿಲನ್ನೇ ನೋಡುತ್ತ ಕೂತ. ಆಡು ಹಿತ್ತಿಲಿಂದ ಬಂದು ಜೋಳ ಮುಗಿಸಿ ಹೋಯಿತು.

"ಆಡು ಬಂದಿತ್ತೇನೋ?"

"ಬಂದಿತ್ತು ಯವ್ವ. ಆದ್ರ ಬಾಗಲಿಂದ ಬರಲಿಲ್ಲ."

ಇಂಥವನ ಮೇಲೆ ಎಷ್ಟು ಸಿಟ್ಟು ಮಾಡಿದರೂ ಅಷ್ಟೇ. ತುಳಸವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು, ಮುದಕಪ್ಪ ಅವಳ ಹಣೆ ನೋವಾಯಿತೇನೋ ಅಂತ ಎಣ್ಣೆ ತರಲು ಓಡುತ್ತಿದ್ದ.

ಮಗಳು ಕಾಶವ್ವ ಹಾಗಲ್ಲ, ಬಲು ಚುರುಕು. ಆದರೆ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಆ ಓಣಿಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲ ಹತ್ತಿರ ಕಂಚಿನ ಗಂಗಾಳ ಬಾರಿಸುತ್ತಾರೆ. ಕೂಸು ಬೆಚ್ಚಿ ಅತ್ತರೆ ಸಕ್ಕರೆ ಹಂಚುತ್ತಾರೆ. ಕಾಶವ್ವ ಹುಟ್ಟಿದಾಗಲೂ ಗಂಗಾಳ ಬಾರಿಸಿದರು. ಓಣಿಗೆಲ್ಲ ಕೇಳಿಸಿತು, ತೊಟ್ಟಿಲಲ್ಲಿದ್ದವಳಿಗೆ ಮಾತ್ರ ಕೇಳಿಸಲಿಲ್ಲ. ಅವತ್ತು ಯಾರೂ ಸಕ್ಕರೆ ತಿನ್ನಲಿಲ್ಲ. ಆ ಗಂಗಾಳವನ್ನು ತುಳಸವ್ವ ಅಟ್ಟದ ಮೇಲೆ ಬೋರಲು ಹಾಕಿದವಳು ಮತ್ತೆ ಇಳಿಸಿರಲಿಲ್ಲ.

ತಾಯಿ ಮಗಳು ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಮೂಗಿನ ನತ್ತು ಮುಟ್ಟಿದರೆ ಅವ್ವ. ತಲೆಯ ಮೇಲೆ ಬೆರಳು ತಿರುಗಿಸಿದರೆ ತಮ್ಮ, ಅವನಿಗೆ ಎರಡು ಸುಳಿ ನೋಡಿ. ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರೆ, ನಾನು ಆರಾಮ ಇದ್ದೇನೆ. ಕಾಶವ್ವನನ್ನು ಇಚಲಕರಂಜಿಗೆ ಕೊಟ್ಟರು. ಗಂಡನಿಗೂ ಕಿವಿ ಕೇಳದು, ಪವರ್‌ಲೂಮಿನಲ್ಲಿ ಕೆಲಸ. ಒಳ್ಳೆಯ ಹುಡುಗ. ಗಂಡ ಹೆಂಡತಿ ಇಬ್ಬರೇ ಒಂದು ಕೋಣೆಯಲ್ಲಿ ಇರುತ್ತಿದ್ದರು.

ಈಗ ನೀವೇ ಹೇಳಿ. ಮಗಳಿಗೆ ಫೋನು ಮಾಡಿದರೆ ಕೇಳುವುದಿಲ್ಲ. ಬರೆದು ಕಳಿಸೋಣ ಅಂದರೆ ತುಳಸವ್ವನಿಗೂ ಓದಲು ಬಾರದು, ಆ ಕಡೆ ಗಂಡ ಹೆಂಡತಿಗೂ ಬಾರದು. ಉಳಿದದ್ದು ಒಂದೇ ದಾರಿ, ವಿಡಿಯೊ ಕಾಲ್. ದೀಪ ಹಚ್ಚುವ ಹೊತ್ತಿಗೆ ಅಳಿಯ ಕೆಲಸ ಬಿಟ್ಟು ಬರುತ್ತಿದ್ದ, ಅವನ ಫೋನಿನಿಂದ ಕಾಶವ್ವ ಮಾಡುತ್ತಿದ್ದಳು. ಇಲ್ಲಿ ಮುದಕಪ್ಪನ ಫೋನಿಗೆ ಬರುತ್ತಿತ್ತು. ಪರದೆಯ ಆಚೆ ಎರಡು ಕೈ, ಈಚೆ ಎರಡು ಕೈ. ಅಷ್ಟೇ ತುಳಸವ್ವನ ಸಂಸಾರ.

ಕಾಶವ್ವ ಬಸುರಾದಳು. ಕುಬಸ ಆಯಿತು, ತುಳಸವ್ವ ತಾನೇ ನೇಯ್ದ ಹಸಿರು ಖಣ ಉಡಿಗೆ ಹಾಕಿ ಬಂದಳು. ಎಂಟನೇ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸಬಾರದು ಅಂತ ಅವರಲ್ಲಿ ಪದ್ಧತಿ, ಒಂಬತ್ತಕ್ಕೆ ಬೀಳಲಿ, ಕರೆತಂದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಮಗ್ಗದ ಕುಣಿಗೆ ಇಳಿಯುವಾಗ ಕಾಲು ಹೊರಳಿ, ಹರಡು ಕುಂಬಳಕಾಯಿಯ ಹಾಗೆ ಊದಿತು. ಮನೆಯೊಳಗೇ ತೆವಳಿಕೊಂಡು ಓಡಾಡುವ ಹಾಗಾಯಿತು. ಮಗನನ್ನಾದರೂ ಕಳಿಸೋಣ ಅಂದರೆ, ಅವನನ್ನು ಹುಡುಕಲು ಇನ್ನೊಬ್ಬರನ್ನು ಕಳಿಸಬೇಕು.

ಒಂದು ಸಂಜೆ ಕಾಶವ್ವ ತನ್ನ ಪಾದ ತೋರಿಸಿದಳು. ಊದಿದ್ದವು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ತುಳಸವ್ವ ಪರದೆಗೆ ಮುಖ ತಂದು ನೋಡಿದಳು. ನಾಳೆಯೇ ದವಾಖಾನೆಗೆ ಹೋಗು, ಡಾಕ್ಟರು ಏನಂದರು ಹೇಳು ಅಂತ ಕೈ ಮಾಡಿದಳು. ಕಾಶವ್ವ ತಲೆ ಆಡಿಸಿದಳು.

ಮರುದಿನ ಸಂಜೆ ಕಾಲ್ ಬಂತು. ಕಾಶವ್ವನ ಕೈ ಮೇಲೆದ್ದಿತು, ಹೊಟ್ಟೆಯ ಹತ್ತಿರ ಬಂತು, ಅಲ್ಲೇ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಚಕ್ರ ಗರಗರ ತಿರುಗತೊಡಗಿತು.

"ಏನಾತೋ? ಕೈ ಯಾಕ ನಿಂತಿತು?"

"ನೆಟ್ ಖಾಲಿ ಆತು ಯವ್ವ. ನಾಳಿ ಮುಂಜಾನಿ ಮತ್ತ ತುಂಬತೈತಿ."

ಆ ರಾತ್ರಿ ತುಳಸವ್ವ ರೊಟ್ಟಿ ಮುಟ್ಟಲಿಲ್ಲ. ಮುಂಜಾನೆ ನೆಟ್ ತುಂಬಿತು, ಅವಳು ಮಗನಿಂದ ಕಾಲ್ ಮಾಡಿಸಿ ನೋಡಿದಳು. ಅಳಿಯನ ಫೋನು ಲೂಮಿನಲ್ಲಿ ಅವನ ಚೀಲದೊಳಗೆ ಇರುತ್ತದೆ, ಬಡಿದುಕೊಂಡರೂ ಅವನಿಗೆ ಕೇಳುವುದಿಲ್ಲ. ಸಂಜೆ ಬೇರೆಯವರ ಫೋನಿನಿಂದ ಮಾಡಿಸೋಣ ಅಂದರೆ, ಗೊತ್ತಿಲ್ಲದ ನಂಬರನ್ನು ಕಾಶವ್ವ ಎತ್ತುವುದೇ ಇಲ್ಲ. ಇನ್ನು ಸಂಜೆಯ ತನಕ ಕಾಯಬೇಕು, ಸಂಜೆಯ ತನಕ ನೆಟ್ ಉಳಿಯಬೇಕು.

ಮೂಲೆಯ ಮೊಬೈಲ್ ಅಂಗಡಿಯ ದಾವಲಸಾಬನನ್ನು ಕರೆಸಿದಳು. ಅವನು ಫೋನು ಒತ್ತಿ ನೋಡಿದ.

"ಚಿಗವ್ವ, ಇದರಾಗ ಬ್ಯಾಡಾದ ಆ್ಯಪ್ ಭಾಳ ಅದಾವ. ನೀವು ಮುಟ್ಟಲಿಲ್ಲಂದ್ರೂ ಅವು ಒಳಗಿಂದೊಳಗ ನೆಟ್ ಎಳೀತಿರ್ತಾವ. ಮ್ಯಾಲೆ ಎಷ್ಟು ಹಾಕಿಸಿದ್ರೂ ಅಷ್ಟನ್ನೂ ಎಳೀತಾವ. ಸೆಟ್ಟಿಂಗದಾಗ ಹೋಗಿ ಒಂದೊಂದಕ್ಕ ನೆಟ್ ಬಂದ್ ಮಾಡಬೇಕು. ಇಲ್ಲಿ ನೋಡೋ ಮುದಕಪ್ಪ, ಹಿಂಗ ಒತ್ತಿದ್ರ ಬಂದ್, ಹಿಂಗ ಒತ್ತಿದ್ರ ಚಾಲೂ."

ಮುದಕಪ್ಪ ಕೂಡಲೇ ಕಲಿತ. ಅವನ ಬೆರಳು ಚುರುಕು, ಅದನ್ನು ಒಪ್ಪಬೇಕು. ದಾವಲಸಾಬ ಗಿರಾಕಿ ಬಂದರು ಅಂತ ಎದ್ದು ಹೋದ. ತುಳಸವ್ವ ಹೇಳಿದಳು, "ಬೇಕಾದ್ದು ಇಟ್ಟು, ಬ್ಯಾಡಾದ್ದೆಲ್ಲಾ ಬಂದ್ ಮಾಡು."

ಮುದಕಪ್ಪ ಕೂತು ಯೋಚಿಸಿದ. ಬೇಕಾದ್ದು ಯಾವುದು? ಹಣ್ಣು ಕತ್ತರಿಸುವ ಆಟ ಬೇಕು. ಕುಸ್ತಿಯ ವಿಡಿಯೊ ಬೇಕು. ಸಿನಿಮಾ ಹಾಡು ಬೇಕೇ ಬೇಕು. ಉಳಿದದ್ದೆಲ್ಲ ಬಂದ್.

ದೀಪ ಹಚ್ಚುವ ಹೊತ್ತಾಯಿತು. ತುಳಸವ್ವ ಕಾಲು ಚಾಚಿ, ಕೈ ಒರೆಸಿಕೊಂಡು ಫೋನಿನ ಮುಂದೆ ಕೂತಳು. ಕಾಲ್ ಬರಲಿಲ್ಲ. ಕತ್ತಲಾಯಿತು. ಬರಲಿಲ್ಲ.

"ವಾಟ್ಸಾಪ್ ಚಾಲೂ ಐತೇನೋ?"

"ಅದನ್ನ ಬಂದ್ ಮಾಡೇನಿ. ನನಗ ಅದರಾಗ ಏನೂ ಕೆಲಸ ಇಲ್ಲ."

"ಅಯ್ಯೋ ನನ್ನ ಕರ್ಮವೇ! ನಿನಗ ಬೇಕಾದ್ದಲ್ಲೋ ಮೂಳ, ನನಗ ಬೇಕಾದ್ದು ಇಡಬೇಕು."

"ಹಂಗಂತ ಮೊದಲ ಹೇಳಬೇಕಿಲ್ಲೇನ ಯವ್ವ" ಅಂದ ಮುದಕಪ್ಪ.

ಮರುದಿನ ಅವನು ಮತ್ತೆ ಕೂತ. ಅವ್ವನಿಗೆ ಬೇಕಾದ್ದು ಯಾವುದು? ಅವ್ವ ಈ ಫೋನು ತನ್ನ ಕೈಗೆ ತೆಗೆದುಕೊಳ್ಳುವುದು ಒಂದೇ ಕೆಲಸಕ್ಕೆ, ಮಗ್ಗದಲ್ಲಿ ಎಳೆ ಹರಿದರೆ ಬೆಳಕು ಬಿಟ್ಟು ಹುಡುಕಲು. ಸರಿ. ಟಾರ್ಚ್ ಒಂದನ್ನು ಹಚ್ಚಿಟ್ಟು ಮಿಕ್ಕಿದ್ದೆಲ್ಲ ಬಂದ್ ಮಾಡಿದ. ಹಾಡುಹಗಲು ದಿನವಿಡೀ ಟಾರ್ಚ್ ಉರಿಯಿತು. ಸಂಜೆಗೆ ಫೋನೇ ಸತ್ತು ಬಿತ್ತು.

ತುಳಸವ್ವನಿಗೆ ಬಯ್ಯಲೂ ತ್ರಾಣ ಇರಲಿಲ್ಲ. ಆ ಊದಿದ ಪಾದ ಅವಳ ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ಪಾದ ಊದಿ ಏನೇನೋ ಆದವರನ್ನು ಅವಳು ಕಂಡಿದ್ದಳು. ಬಿಚ್ಚಿ ಹೇಳಿದಳು, "ಮುದಕಪ್ಪ, ಕೇಳಪಾ. ನನಗ ನಿಮ್ಮ ಅಕ್ಕನ ಮಾರಿ ಕಾಣಬೇಕು. ಅಕ್ಕನ ಮಾರಿ ಕಾಣೋದು ಯಾವುದೈತಿ, ಅದೊಂದನ್ನ ಇಡು. ಬ್ಯಾರೆ ಏನೂ ಬ್ಯಾಡ. ತಿಳೀತಾ?"

"ತಿಳೀತು."

ಇಷ್ಟು ಬಿಚ್ಚಿ ಹೇಳಿದ ಮೇಲೆ ಯಾರಾದರೂ ತಪ್ಪುತ್ತಾರೆಯೇ ಅಂತ ನೀವು ಅನ್ನುತ್ತೀರಿ. ನಮ್ಮ ಮುದಕಪ್ಪನನ್ನು ನೀವಿನ್ನೂ ಅರಿತಿಲ್ಲ. ಅವನು ಇಡೀ ಫೋನು ಹುಡುಕಿದ. ವಾಟ್ಸಾಪ್ ತೆರೆದ, ಅಲ್ಲಿ ಆಗ ಅಕ್ಕನ ಮಾರಿ ಇರಲಿಲ್ಲ. ಫೋಟೊದ ಆ್ಯಪ್ ತೆರೆದ, ಅಲ್ಲಿತ್ತು! ಮದುವೆಯಲ್ಲಿ ಬಾಸಿಂಗ ಕಟ್ಟಿಕೊಂಡ ಅಕ್ಕ, ಕುಬಸದಲ್ಲಿ ಹಸಿರು ಸೀರೆ ಉಟ್ಟ ಅಕ್ಕ. ಅದಕ್ಕೊಂದಕ್ಕೆ ನೆಟ್ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿದ. ಆ ಆ್ಯಪೋ, ಇಷ್ಟು ದಿನ ಕಾದಿದ್ದು ಇದಕ್ಕೇ ಅನ್ನುವ ಹಾಗೆ, ಫೋನಿನಲ್ಲಿದ್ದ ಫೋಟೊ ವಿಡಿಯೊ ಎಲ್ಲವನ್ನೂ ಬ್ಯಾಕಪ್ ಅಂತ ಮೇಲಕ್ಕೆ ಕಳಿಸತೊಡಗಿತು. ಮಧ್ಯಾಹ್ನಕ್ಕೇ ನೆಟ್ ಸೊನ್ನೆ.

ಸಂಜೆ ತುಳಸವ್ವ, "ಎಲ್ಲೋ ಅಕ್ಕ?" ಅಂದಳು.

"ಇಲ್ಲೇ ಅದಾಳ ನೋಡು" ಅಂತ ಮದುವೆಯ ಫೋಟೊ ಮುಂದೆ ಹಿಡಿದ.

ತುಳಸವ್ವ ಆ ಫೋಟೊ ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ತಾನಾಗೇ ಎದ್ದಿತು. ಡಾಕ್ಟರು ಏನಂದರು, ಅಂತ ಆ ಕೈ ಫೋಟೊವನ್ನು ಕೇಳಿತು. ಮುದಕಪ್ಪ ಪಕ್ಕದಲ್ಲೇ ನಿಂತು ನೋಡಿದ. ಯಾಕೋ ಅವನಿಗೂ ಅಳು ಬಂತು, ಯಾತಕ್ಕೆ ಅಂತ ಮಾತ್ರ ತಿಳಿಯಲಿಲ್ಲ.

ಮುಂಜಾನೆ ದಾವಲಸಾಬ ಮತ್ತೆ ಬಂದ. ಈ ಸಲ ತಾನೇ ಕೂತು ವಾಟ್ಸಾಪಿಗೆ ಮಾತ್ರ ನೆಟ್ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿದ. "ಇನ್ನ ಇದರಾಗ ಗೆಳ್ಯಾರು ಬ್ಯಾಡಾದ್ದು ಕಳಿಸಿದ್ರ ಅದಕ್ಕೂ ಖರ್ಚಾಗತೈತಿ. ಕಳಿಸಬ್ಯಾಡ್ರಿ ಅಂತ ಹೇಳಿಬಿಡು" ಅಂದ. ನೋಡಿ, ಅವನದೂ ತಪ್ಪೇ. ಮುದಕಪ್ಪನಿಗೆ ಹೇಳುವ ಮಾತೇ ಅದು?

ಮುದಕಪ್ಪ ಓಣಿಯ ಗಣಪತಿ ಮಂಡಳಿಯ ಗುಂಪು, ಶಾಲೆಯ ಗೆಳೆಯರ ಗುಂಪು, ಕುಸ್ತಿ ಅಭಿಮಾನಿಗಳ ಗುಂಪು, ಒಂದನ್ನೂ ಬಿಡದೆ ಎಲ್ಲದಕ್ಕೂ ಬರೆದ: ನಮ್ಮ ಅಕ್ಕಗ ಆರಾಮಿಲ್ಲ, ಯಾರೂ ಏನೂ ಕಳಿಸಬ್ಯಾಡ್ರಿ.

ಅಯ್ಯೋ, ಜನ ಸುಮ್ಮನಿರುತ್ತಾರೆಯೇ? ಏನಾಗಿದೆ ಅಂತ ಒಬ್ಬ ಕೇಳಿದ. ಕೈಮುಗಿದ ಚಿತ್ರ ಇನ್ನೊಬ್ಬ ಕಳಿಸಿದ. ದೇವರ ಫೋಟೊ ಬಂದವು, ಅಭಿಷೇಕದ ವಿಡಿಯೊ ಬಂದವು, ಕಷಾಯ ಕುದಿಸುವ ವಿಡಿಯೊ ಬಂತು. ಊರಿನ ಪ್ರೀತಿಯೆಲ್ಲ ಒಮ್ಮೆಲೇ ಆ ಫೋನಿನ ಮೇಲೆ ಬಂದು ಬಿತ್ತು. ಸಂಜೆಗೆ ಮತ್ತೆ ಚಕ್ರ ತಿರುಗಿತು. ಅದರ ಹಿಂದೆ ಕಾಶವ್ವನ ಮುಖ ಒಂದು ಕ್ಷಣ ಮಸುಕಾಗಿ ಕಂಡು ಹೋಯಿತು. ಮುಖವೂ ಊದಿದ ಹಾಗೆ ಕಂಡಿತು.

"ನಿನ್ನ ಕೈಗೆ ಬಾಯಿಗೆ ಬೆಂಕಿ ಹಚ್ಚಲಿ" ಅಂತ ತುಳಸವ್ವ ಕೂಗಿದಳು. "ಇನ್ನ ಯಾರಿಗೂ ಏನೂ ಬರೀಬ್ಯಾಡ. ದಾವಲಸಾಬ ಏನ ಹೇಳ್ತಾನ ಅದನ್ನಷ್ಟು ಮಾಡು. ಅದಕ್ಕಿಂತ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

ಮುಂಜಾನೆ ದಾವಲಸಾಬ ಗುಂಪುಗಳ ಬಾಯಿ ಮುಚ್ಚಿಸಿದ, ಬಂದ ವಿಡಿಯೊ ತಾನಾಗೇ ಇಳಿಯದ ಹಾಗೆ ಮಾಡಿದ. ಹೋಗುವಾಗ ಮುದಕಪ್ಪನ ಬೆನ್ನು ತಟ್ಟಿ ಹೇಳಿದ, "ನೆನಪಿಟ್ಕೊ ತಮ್ಮ. ಚಿತ್ರ ಇದ್ದದ್ದು ನೆಟ್ ಭಾಳ ಎಳೀತೈತಿ. ಬರೇ ದನಿ ಇದ್ರ ಕಡಿಮಿ."

"ನೆನಪಿಟ್ಕೋತೀನಿ" ಅಂದ ಮುದಕಪ್ಪ. ನೆನಪೂ ಇಟ್ಟುಕೊಂಡ.

ಅವತ್ತು ನೆಟ್ ತುಂಬಿದ ಕೊಡದ ಹಾಗೆ ಹಾಗೇ ಉಳಿದಿತ್ತು. ಮುದಕಪ್ಪ ಫೋನು ಎದೆಗೆ ಅವಚಿಕೊಂಡು ಕೂತಿದ್ದ. ದೀಪ ಹಚ್ಚುವ ಹೊತ್ತು ದಾಟಿತು. ಕಾಲ್ ಇಲ್ಲ. ತುಳಸವ್ವ ಮಗ್ಗದ ಕಂಬ ಹಿಡಿದು ಎದ್ದು ನಿಂತಳು, ನಿಲ್ಲಲಾಗದೆ ಕೂತಳು, ಮತ್ತೆ ಎದ್ದಳು. ಇವತ್ತು ನೆಟ್ ಇದೆ, ಮಗಳೇ ಇಲ್ಲ. ಯಾಕೆ ಇಲ್ಲ? ನಾಳೆ ತೆವಳಿಕೊಂಡಾದರೂ ಬಸ್ ಹತ್ತುತ್ತೇನೆ ಅಂತ ಚೀಲಕ್ಕೆ ಸೀರೆ ತುರುಕುತ್ತಿದ್ದಳು. ಆಗ ಫೋನು ಬಡಿದುಕೊಂಡಿತು.

"ಅಕ್ಕ! ಅಕ್ಕನ ವಿಡಿಯೊ!" ಅಂದ ಮುದಕಪ್ಪ. ಅಂದವನೇ ಕಟ್ ಮಾಡಿದ.

ತುಳಸವ್ವ ಕೈಯಲ್ಲಿದ್ದ ಸೀರೆ ಬಿಟ್ಟು ಫೋನಿಗೆ ಕೈ ಚಾಚಿದಳು.

"ಚಿತ್ರ ಭಾಳ ಎಳೀತೈತಿ ಯವ್ವ. ಬರೇ ದನಿ ಹಚ್ಚತೀನಿ ತಡಿ" ಅಂತ ಅವನು ತಾನೇ ತಿರುಗಿ ಮಾಡಿದ, ಚಿತ್ರವಿಲ್ಲದ ಕಾಲ್. ಆ ಕಡೆ ಎತ್ತಿದರು. ಫೋನನ್ನು ತಂದು ತಾಯಿಯ ಕಿವಿಗೆ ಹಿಡಿದ.

"ಅಕಿಗೆ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ದನಿ ತೊಗೊಂಡು ನಾ ಏನ..."

ತುಳಸವ್ವ ಅಲ್ಲಿಗೇ ನಿಲ್ಲಿಸಿದಳು. ಫೋನಿನಿಂದ ದನಿ ಬರುತ್ತಿತ್ತು. ಕಾಶವ್ವನದಲ್ಲ. ಎಳೆಯ ದನಿ, ಸಣ್ಣಗೆ, ಕಿರ್ರೋ ಅಂತ ಅಳುತ್ತಿತ್ತು.

ಕೂಸು. ತಿಂಗಳು ತುಂಬುವ ಮೊದಲೇ ಕೂಸು ಹುಟ್ಟಿತ್ತು. ಅಳುತ್ತಿದೆ ಅಂದರೆ ಬದುಕಿದೆ. ಆದರೆ ಮಗಳು? ಎತ್ತಿದವರು ಯಾರು? ತುಳಸವ್ವ ಆ ಅಳುವನ್ನೇ ಕೇಳುತ್ತಿದ್ದಳು. ಅಷ್ಟರಲ್ಲಿ ಮುದಕಪ್ಪ ಫೋನಿಗೆ ಬಾಯಿ ಹಚ್ಚಿ ಓಣಿ ಹಾರಿಹೋಗುವ ಹಾಗೆ ಒದರಿದ.

"ಅಕ್ಕಾ! ನಾನು ಮುದಕಪ್ಪಾ!"

ತುಳಸವ್ವ ಅವನ ಬೆನ್ನಿಗೊಂದು ಗುದ್ದಿದಳು. "ಯಾರಿಗೆ ಒದರ್ತೀಯೋ? ಅಕ್ಕನ ಮಾತಿಗೆ ಬಾಯಿ ಬ್ಯಾಡ, ಕೈ ಬೇಕು. ಎಷ್ಟು ಸಲ ಹೇಳಬೇಕು ನಿನಗ?"

ಹಾಗಂದವಳ ಕೈ ಗಾಳಿಯಲ್ಲೇ ನಿಂತಿತು. ಅಳು ನಿಂತಿತ್ತು. ಅವನು ಒದರಿದ ಕೂಡಲೇ ಕೂಸು ಬೆಚ್ಚಿ ಸುಮ್ಮನಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಳತೊಡಗಿತು.

"ಮುದಕಪ್ಪ, ಇನ್ನೊಮ್ಮೆ ಒದರು."

ಮುದಕಪ್ಪ ಬಾಯಿ ಮುಚ್ಚಿಕೊಂಡು ಫೋನಿಗೆ ಕೈ ಮಾಡಿ ತೋರಿಸುತ್ತಿದ್ದ. ಈಗಷ್ಟೇ ಗುದ್ದಿಸಿಕೊಂಡಿದ್ದನಲ್ಲ. ಅವನನ್ನು ನಂಬಿ ಕೂತರೆ ಆಗದು ಅಂತ ತುಳಸವ್ವ ಫೋನು ಕಸಿದುಕೊಂಡು ತಾನೇ ಕರೆದಳು. ಕೂಸಿಗೆ ಇನ್ನೂ ಹೆಸರಿಲ್ಲ, ಏನಂತ ಕರೆಯುವುದು? "ಯವ್ವಾ!" ಅಂದಳು. ಅಳು ಗಕ್ಕನೆ ನಿಂತಿತು. ಮತ್ತೆ ಶುರುವಾಯಿತು. "ನನ್ನವ್ವಾ!" ಅಂದಳು. ನಿಂತಿತು.

ತುಳಸವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಕೂಸಿಗೂ ಕಿವಿ ಕೇಳದಿದ್ದರೆ ಅಂತ, ಮಗಳು ಬಸುರಾದ ದಿನದಿಂದ ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡಿದ್ದ ಹೆದರಿಕೆ ಅದು.

"ಚಿತ್ರ ಹಚ್ಚೋ. ಬೇಗ ಹಚ್ಚೋ. ಎಲ್ಲಾ ನೆಟ್ ಹೋಗ್ಲಿ."

ಚಿತ್ರ ಬಂತು. ದವಾಖಾನೆಯ ಹಾಸಿಗೆ, ಬಾಡಿದ ಮುಖ, ಆದರೆ ಕಾಶವ್ವನೇ. ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದಳು. ಪಕ್ಕದ ಬಟ್ಟೆಗಂಟನ್ನು ಸರಿಸಿ ಕೂಸು ತೋರಿಸಿದಳು. ಎರಡೂ ಅಂಗೈ ಕೆನ್ನೆಗಿಟ್ಟು, ಕೂಸು, ಅಂದಳು. ಬೆರಳು ಮೇಲೆತ್ತಿ, ನಮ್ಮಿಬ್ಬರನ್ನೂ ದವಾಖಾನೆಯ ಮೇಲಿನ ಮಾಳಿಗೆಯಲ್ಲಿ ಇಟ್ಟಿದ್ದಾರೆ ಅಂದಳು. ಆಮೇಲೆ ತನ್ನ ಕಿವಿ ಮುಟ್ಟಿಕೊಂಡಳು, ಕೂಸಿನ ಕಿವಿ ಮುಟ್ಟಿದಳು, ತಾಯಿಯ ಮುಖ ನೋಡಿದಳು. ಅಲ್ಲಿದ್ದ ಯಾರನ್ನೂ ಕೇಳಲಾರದೆ ಇಟ್ಟುಕೊಂಡಿದ್ದ ಪ್ರಶ್ನೆ.

ತುಳಸವ್ವ ತನ್ನ ನತ್ತು ಮುಟ್ಟಿದಳು, ಬಾಯಿ ಮುಟ್ಟಿದಳು, ಕೂಸಿನ ಕಡೆ ಬೆರಳು ಮಾಡಿ ಕಿವಿ ಮುಟ್ಟಿದಳು. ನಾನು ಕರೆದೆ, ಅದಕ್ಕೆ ಕೇಳಿಸಿತು. ಕಾಶವ್ವ ನಂಬಲಿಲ್ಲ, ಮತ್ತೆ ಕೇಳಿದಳು. ತುಳಸವ್ವ ಮತ್ತೆ ಹೇಳಿದಳು. ಆಗ ಕಾಶವ್ವ ಕೂಸಿನ ಕಿವಿಗೆ ಮುಖ ಒತ್ತಿಕೊಂಡಳು, ಬಹಳ ಹೊತ್ತು ಎತ್ತಲಿಲ್ಲ.

ಕಾಲ್ ಮುಗಿಯಿತು. ಇನ್ನೂ ನೆಟ್ ಉಳಿದಿತ್ತು, ಅದನ್ನೂ ಹೇಳಬೇಕು.

"ಅಟ್ಟದ ಮ್ಯಾಲಿನ ಗಂಗಾಳ ಇಳಿಸೋ" ಅಂದಳು ತುಳಸವ್ವ. "ಓಣಿಗೆಲ್ಲಾ ಅಕ್ಕನ ಸುದ್ದಿ ಹೇಳಿ ಬಾ. ಎಲ್ಲಾರೂ ಬರಲಿ."

ಮುದಕಪ್ಪ ಗಂಗಾಳ ಇಳಿಸಿ ಕೊಟ್ಟು ಓಡಿದ. ಅಕ್ಕನ ಮಾತಿಗೆ ಬಾಯಿ ಬೇಡ, ಕೈ ಬೇಕು. ಬೆನ್ನು ಇನ್ನೂ ಉರಿಯುತ್ತಿತ್ತು, ಮರೆಯುವುದು ಹೇಗೆ? ಪಕ್ಕದ ಮನೆಯ ಪಾರವ್ವ ಬಾಗಿಲಲ್ಲಿ ದೀಪದ ಬೆಳಕಿಗೆ ಅಕ್ಕಿ ಆರಿಸುತ್ತಿದ್ದಳು. ಅವಳ ಮುಂದೆ ಹೋಗಿ ನಿಂತ. ಕಣ್ಣಲ್ಲಿ ಸಂತೋಷದ ನೀರು. ಹೊಟ್ಟೆಯ ಮೇಲೆ ಕೈ ಆಡಿಸಿದ. ಎರಡೂ ಅಂಗೈ ಕೆನ್ನೆಗಿಟ್ಟು ಕಣ್ಣು ಮುಚ್ಚಿದ. ಬೆರಳು ಮೇಲೆತ್ತಿ ಆಕಾಶ ತೋರಿಸಿದ.

"ಕಾಶವ್ವನೇನೋ?" ಅಂದಳು ಪಾರವ್ವ. ಅವಳ ಮುಖದ ಬಣ್ಣ ಇಳಿದಿತ್ತು.

ಅವನು ಹೌದು ಅಂತ ತಲೆ ಆಡಿಸಿದ. ಮತ್ತೊಮ್ಮೆ ಕಣ್ಣು ಮುಚ್ಚಿ ಆಕಾಶ ತೋರಿಸಿದ. ಪಾರವ್ವನ ಕೈಯಿಂದ ಮೊರ ಬಿತ್ತು. ಅವನು ಮುಂದಿನ ಮನೆಗೆ ಓಡಿದ, ಅಲ್ಲಿಂದ ಆಚೆ ಮನೆಗೆ. ಒಂದೊಂದೇ ಮನೆಯಿಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಹೊರಬಿದ್ದರು. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಓಣಿಗೆ ಓಣಿಯೇ ಎದೆ ಬಡಿದುಕೊಳ್ಳುತ್ತ ತುಳಸವ್ವನ ಮನೆಗೆ ನುಗ್ಗಿತು.

ಒಳಗೆ ತುಳಸವ್ವ ಊದಿದ ಕಾಲು ಚಾಚಿ ಕೂತು, ಸೌಟಿನಿಂದ ಗಂಗಾಳ ಬಾರಿಸುತ್ತಿದ್ದಳು. ಠಣ್ ಠಣ್ ಠಣ್. ಮುಖದ ತುಂಬ ನಗು. ದುಃಖಕ್ಕೆ ತಲೆ ಕೆಟ್ಟಿತೆಂದು ಹೆಂಗಸರು ಇನ್ನೂ ಜೋರಾಗಿ ಅತ್ತರು. ಬರಬಾರದ ಅಳು ಕೇಳಿ ತುಳಸವ್ವನ ಸೌಟು ನಿಂತಿತು.

"ಯಾಕ್ರೇ ಅಳ್ತೀರಿ? ಕೂಸು ಹುಟ್ಟೈತಿ, ಅದಕ್ಕ ಕಿವಿ ಕೇಳತಾವ!"

ಎಲ್ಲರೂ ತಿರುಗಿ ಬಾಗಿಲಲ್ಲಿ ನಿಂತ ಮುದಕಪ್ಪನನ್ನು ನೋಡಿದರು. ತುಳಸವ್ವ ಸೌಟು ಎತ್ತಿದಳು.

"ಬಾಯಿ ತಗದು ಹೇಳೋ, ಮೂಳ!"

ಮುದಕಪ್ಪ ತಾಯಿಯ ಮಾತು ಯಾವತ್ತು ಮೀರಿದ್ದಾನೆ? ಬಾಯನ್ನು ಆದಷ್ಟು ಅಗಲ ತೆಗೆದ. ತೆಗೆದ ಬಾಯಿ ತೆಗೆದ ಹಾಗೇ ಇಟ್ಟುಕೊಂಡು, ಎರಡೂ ಕೈಯಿಂದ ಅಕ್ಕನ ಸುದ್ದಿಯನ್ನು ಮೊದಲಿನಿಂದ ಹೇಳತೊಡಗಿದ.